ಸೊಂಟದಲ್ಲಿ ಪಿಸ್ತೂಲು, ಕಿಟಕಿಯಾಚೆ ಪೊಲೀಸ್

ಅಮೆರಿಕದಲ್ಲಿ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟು ಓಡಾಡಲು ಕಾನೂನಿನ ಅನುಮತಿ ಪಡೆದ ಚಾಲಕನೊಬ್ಬನನ್ನು ಅತಿವೇಗಕ್ಕೋ ಉರಿಯದ ಹಿಂಬದಿ ದೀಪಕ್ಕೋ ಪೊಲೀಸರು ರಸ್ತೆಬದಿಗೆ ನಿಲ್ಲಿಸಿದಾಗ, ಆ ಕೆಲವೇ ನಿಮಿಷಗಳ ಸುರಕ್ಷತೆ ಬಹುಮಟ್ಟಿಗೆ ಅವನ ಎರಡು ಕೈಗಳನ್ನು ಅವಲಂಬಿಸಿರುತ್ತದೆ. ಏಕೆಂದರೆ ಸೊಂಟದತ್ತ ಚಲಿಸಿದ ಕೈ ಹುಡುಕುತ್ತಿರುವುದು ಪರ್ಸನ್ನೋ ಪಿಸ್ತೂಲನ್ನೋ ಎಂಬುದು ಕಿಟಕಿಯಾಚೆ ನಿಂತ ಅಧಿಕಾರಿಗೆ ತಿಳಿಯುವ ಬಗೆಯಿಲ್ಲ. ಆದ್ದರಿಂದಲೇ ಎಂಜಿನ್ ಆರಿಸಿ, ಗಾಜು ಇಳಿಸಿ, ರಾತ್ರಿಯಾದರೆ ಒಳದೀಪ ಹಾಕಿ, ಎರಡೂ ಅಂಗೈಗಳನ್ನು ಸ್ಟೀರಿಂಗ್ ಮೇಲಿರಿಸಿ ಕಾಯಬೇಕೆಂದು ತರಬೇತುದಾರರು ಹೇಳುತ್ತಾರೆ. ಅಧಿಕಾರಿ ಬರುವ ಮೊದಲೇ ಕಾಗದಪತ್ರಗಳಿಗಾಗಿ ತಡಕಾಡುವುದು, ಅದಕ್ಕಿಂತ ಹೆಚ್ಚಾಗಿ ಪಿಸ್ತೂಲು ಮತ್ತು ವಿಮಾಪತ್ರಗಳೆರಡನ್ನೂ ಡ್ಯಾಶ್‌ಬೋರ್ಡಿನ ಒಂದೇ ಖಾನೆಯಲ್ಲಿಡುವುದು, ತಪ್ಪಿಸಲೇಬೇಕಾದ ರೂಢಿಗಳು.

ಬಂದೂಕು ಇದೆಯೆಂದು ತಾನಾಗಿಯೇ ತಿಳಿಸಬೇಕೇ ಎಂಬ ಪ್ರಶ್ನೆಗೆ ಒಂದೊಂದು ರಾಜ್ಯದ ಉತ್ತರ ಒಂದೊಂದು. ಮಿಷಿಗನ್‌ನಲ್ಲಿ ತಡೆದ ಕೂಡಲೇ ಹೇಳುವುದು ಕಡ್ಡಾಯ. ಒಹಾಯೊದಲ್ಲಿಯೂ ಹಾಗೆಯೇ ಇದ್ದದ್ದು 2022ರಿಂದ ಕೇಳಿದರೆ ಹೇಳಿದರೆ ಸಾಕೆಂದಾಯಿತು. ಹೇಳುವಾಗ ‘ಗನ್’ ಎಂಬ ಪದವನ್ನು ಥಟ್ಟನೆ ಆಡದೆ, ಪರವಾನಗಿ ಇರುವುದನ್ನೂ ಆಯುಧ ಎಲ್ಲಿದೆಯೆಂಬುದನ್ನೂ ತಿಳಿಸಿ, ಮುಂದೇನು ಮಾಡಬೇಕೆಂದು ಕೇಳಿ, ಸೂಚನೆ ಬರುವವರೆಗೆ ಕೈ ಕದಲಿಸದಿರುವುದು ಕ್ಷೇಮ. ಕೆಳಗಿಳಿಯುವಂತೆ ಅಧಿಕಾರಿ ಹೇಳಿದರೆ ಇಳಿಯಲೇಬೇಕು. ಆ ಅಧಿಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1977ರ ಮಿಮ್ಸ್ ಪ್ರಕರಣದಲ್ಲಿಯೇ ಎತ್ತಿಹಿಡಿದಿದೆ. (ಎಚ್-1ಬಿ ವೀಸಾದ ಮೇಲೆ ಅಲ್ಲಿರುವ ಕನ್ನಡಿಗರ ಮಟ್ಟಿಗೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಹೊಂದುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ.)

ಆದರೆ ಈ ಎಚ್ಚರಿಕೆಯ ಭಾರವನ್ನೆಲ್ಲ ಚಾಲಕನ ಮೇಲೆಯೇ ಹೊರಿಸುವುದು ನ್ಯಾಯವಲ್ಲ ಎಂಬುದಕ್ಕೆ ಫಿಲಾಂಡೊ ಕ್ಯಾಸ್ಟೀಲ್ ಪ್ರಕರಣ ಸಾಕ್ಷಿ. ಮಿನೆಸೋಟ ರಾಜ್ಯದ ಫಾಲ್ಕನ್ ಹೈಟ್ಸ್‌ನಲ್ಲಿ 2016ರ ಜುಲೈ 6ರಂದು ತಡೆಯಲ್ಪಟ್ಟ ಕ್ಯಾಸ್ಟೀಲ್ ಶಾಲೆಯೊಂದರ ಊಟದ ಮೇಲ್ವಿಚಾರಕ, ಪರವಾನಗಿ ಹೊಂದಿದ್ದವನು. ಕೇಳದ ಹೊರತು ಹೇಳಬೇಕೆಂಬ ನಿಯಮ ಆ ರಾಜ್ಯದಲ್ಲಿ ಇಲ್ಲದಿದ್ದರೂ, ವಿಮಾಪತ್ರ ಕೊಟ್ಟ ಬಳಿಕ ತನ್ನ ಬಳಿ ಬಂದೂಕಿದೆಯೆಂದು ಅವನು ಶಾಂತವಾಗಿಯೇ ತಿಳಿಸಿದನು. ಚಾಲನಾ ಪರವಾನಗಿ ತೋರಿಸೆಂದು ಅದಾಗಲೇ ಕೇಳಿದ್ದ ಅಧಿಕಾರಿ ಈಗ ಬಂದೂಕಿಗೆ ಕೈ ಹಾಕಬೇಡವೆಂದನು. ಮೊದಲ ಸೂಚನೆಯನ್ನು ಹಿಂತೆಗೆದುಕೊಳ್ಳಲಿಲ್ಲ, ಕೈ ಎಲ್ಲಿಡಬೇಕೆಂದೂ ಹೇಳಲಿಲ್ಲ. ತಾನು ಅದನ್ನು ತೆಗೆಯುತ್ತಿಲ್ಲವೆಂದು ಕ್ಯಾಸ್ಟೀಲ್ ಹೇಳುತ್ತಿದ್ದಂತೆಯೇ ಏಳು ಗುಂಡುಗಳು ಹಾರಿದವು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗುವಿತ್ತು. ಮರುವರ್ಷ ಜ್ಯೂರಿ ಅಧಿಕಾರಿಯನ್ನು ಖುಲಾಸೆಗೊಳಿಸಿತು. ಪಿಸ್ತೂಲು ಒಯ್ಯುವವರಿಗೆ ಕಲಿಸುವಷ್ಟೇ ಕಟ್ಟುನಿಟ್ಟಾಗಿ, ಒಂದು ಸಲಕ್ಕೆ ಒಂದೇ ಸ್ಪಷ್ಟ ಸೂಚನೆ ಕೊಡುವುದನ್ನು, ಹೊಸ ಸೂಚನೆಗೆ ಮೊದಲು ಹಳೆಯದನ್ನು ರದ್ದುಪಡಿಸುವುದನ್ನು ಪೊಲೀಸರಿಗೂ ಕಲಿಸಬೇಕಾದದ್ದು ಈ ಕಾರಣಕ್ಕೆ.