ಕಣಕ್ಕೆ ಬಂದರೆ ಕಾಳು, ಹೊಲದಲ್ಲಿ ಉಳಿದರೆ ಕಳೆ

ಹೊಸಪೇಟೆಯಿಂದ ಬಳ್ಳಾರಿಗೆ ಹೊರಟ ಹೆದ್ದಾರಿ ಪಾಪಿನಾಯಕನಹಳ್ಳಿ ದಾಟಿ, ತೋರಣಗಲ್ಲು ಹಾದು ಕುಡತಿನಿ ಮುಟ್ಟುತ್ತದೆ. ದಾರಿಯ ಒಂದು ಮಗ್ಗುಲಿಗೆ ಸಂಡೂರಿನ ಅದಿರಿನ ಗುಡ್ಡಗಳು, ಇನ್ನೊಂದು ಮಗ್ಗುಲಿಗೆ ತುಂಗಭದ್ರೆಯ ನೀರುಂಡ ಕಂಪ್ಲಿ ಸೀಮೆಯ ಗದ್ದೆಗಳು, ನಡುನಡುವೆ ಮಳೆಯನ್ನೇ ನಂಬಿದ ಮಸಾರಿ ಹೊಲಗಳು. ಕುಡತಿನಿ ಬೂದಿದಿಬ್ಬಕ್ಕೆ ಹೆಸರಾದ ಊರು. ಹೊಸ ಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟು ಉಳಿದ ಗುಡ್ಡೆ ಅದು. ಆ ಜನ ಉಣ್ಣುತ್ತಿದ್ದುದೇನು? ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿದ ಕರಿಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಸುಮಾರು 4000 ವರ್ಷಗಳ ಹಿಂದಿನ ಆ ಅಡುಗೆಮನೆಯಲ್ಲಿ ಹುರುಳಿ, ಹೆಸರಿನ ಜೊತೆ ಎದ್ದು ಕಂಡದ್ದು ಎರಡು ಹುಲ್ಲುಗಳ ಕಾಳು. ಒಂದು ಕೊರಲೆ. ಇನ್ನೊಂದು ನವಣೆಯ ದಾಯಾದಿ, ತೆನೆಯ ಮುಳ್ಳುಗೂದಲಿನಿಂದ ಬಟ್ಟೆಗೆ, ದನದ ಮೈಗೆ ಅಂಟಿಕೊಂಡು ಹೋಗುವ ಹುಲ್ಲು. ನಾವು ಇಲ್ಲಿನ ಮಣ್ಣಿನದೇ ಎಂದುಕೊಂಡಿರುವ ಜೋಳ, ರಾಗಿ, ಸಜ್ಜೆ ಆಫ್ರಿಕಾದಿಂದ ಬಂದದ್ದು ಆಮೇಲೆ.

ಸೋಜಿಗವೆಂದರೆ, ಅಂದು ಊಟದ ಧಾನ್ಯವಾಗಿದ್ದ ಈ ಎರಡೂ ಇಂದು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಕಳೆಗಳ ಪಟ್ಟಿಯಲ್ಲಿವೆ. ಅಂಟುವ ಹುಲ್ಲು ಬೆಳೆಯ ಪಟ್ಟಿಯಿಂದ ಹೆಚ್ಚುಕಡಿಮೆ ಅಳಿದೇ ಹೋಯಿತು. ಕೊರಲೆ ಮಾತ್ರ ತುಮಕೂರು, ಚಿತ್ರದುರ್ಗ ಸೀಮೆಯ ಹೊಲಗಳಲ್ಲಿ ಉಸಿರು ಹಿಡಿದುಕೊಂಡಿತ್ತು. ಈಚೆಗೆ ಸಿರಿಧಾನ್ಯದ ಹೆಸರಿನಲ್ಲಿ ಅಂಗಡಿಯ ಪ್ಯಾಕೆಟ್ಟಿಗೂ ಏರಿದೆ. ಅದೇ ಗಿಡ ಪಕ್ಕದ ರಾಗಿ ಹೊಲದಲ್ಲಿ ತಾನಾಗಿ ಹುಟ್ಟಿದರೆ ಕುಡುಗೋಲಿನ ಮೊನೆಗೆ ಸಿಗುತ್ತದೆ. ಬೆಳೆ ಎಂಬುದೊಂದು ಜಾತಿ, ಕಳೆ ಎಂಬುದು ಇನ್ನೊಂದು ಜಾತಿ ಎಂಬ ನಮ್ಮ ಲೆಕ್ಕ ಹುಲ್ಲುಗಳ ಮಟ್ಟಿಗೆ ತಪ್ಪು. ಒಂದು ಹುಲ್ಲನ್ನು ಬಡವರ ಬೆಳೆಯಾಗಿಸುವ ಗುಣಗಳೇ ಅದನ್ನು ಕಳೆಯಾಗಿಸುವುದೂ. ಕೊರಲೆ ಎರಡು ಮೂರು ತಿಂಗಳಲ್ಲಿ ಮಾಗುತ್ತದೆ, ತೆಳು ಮಣ್ಣಿಗೆ ಬೇಸರಿಸುವುದಿಲ್ಲ, ಮರದ ನೆರಳಲ್ಲೂ ತೆನೆ ಬಿಡುತ್ತದೆ. ಮಳೆ ಕೈಕೊಟ್ಟ ವರ್ಷ ರೈತನಿಗೆ ಇಷ್ಟು ಸಾಕು. ಕಳೆಗೂ ಇಷ್ಟೇ ಸಾಕು.

ಹಾಗಾದರೆ ಕಳೆ ಎಂಬುದು ನಾವಿಟ್ಟ ಹೆಸರು ಮಾತ್ರವೇ, ಗಿಡದೊಳಗೆ ವ್ಯತ್ಯಾಸವೇ ಇಲ್ಲವೇ ಎಂದು ಕೇಳಬಹುದು. ಇದೆ, ಮತ್ತು ಅದು ಬಹಳ ಸಣ್ಣ ಜಾಗದಲ್ಲಿದೆ. ಕಾಡು ಹುಲ್ಲಿನ ಕಾಳು ಮಾಗುತ್ತಿದ್ದಂತೆ ತೊಟ್ಟಿನ ಬುಡದಲ್ಲಿ ಜೀವಕೋಶಗಳ ಒಂದು ತೆಳು ಪದರ ಸಡಿಲವಾಗುತ್ತದೆ. ಗಾಳಿ ಸೋಕಿದರೂ ಕಾಳು ನೆಲಕ್ಕೆ. ಬೆಳೆಯಲ್ಲಿ ಆ ಪದರ ಸರಿಯಾಗಿ ರೂಪುಗೊಳ್ಳುವುದಿಲ್ಲ, ಕಾಳು ಕಣದಲ್ಲಿ ಬಡಿಯುವವರೆಗೂ ತೆನೆಯಲ್ಲೇ ಕೂತಿರುತ್ತದೆ. ಜೋಳದಲ್ಲಿ ಇದನ್ನು ಹಿಡಿತದಲ್ಲಿಟ್ಟಿರುವ ಎಸ್‌ಎಚ್1 ಎಂಬ ಜೀನ್ 2012ರಲ್ಲಿ ಪತ್ತೆಯಾಯಿತು. ಭತ್ತ, ಮೆಕ್ಕೆಜೋಳಗಳಲ್ಲೂ ಅದರ ಸೋದರ ಜೀನುಗಳೇ ಬದಲಾಗಿದ್ದವು. ಅಂದರೆ ಬೆಳೆಗೂ ಕಳೆಗೂ ನಡುವೆ ಇರುವುದು ಕೋಟೆಗೋಡೆಯಲ್ಲ, ಬದು. ಬದು ದಾಟಿ ಹಿಂದಕ್ಕೆ ಬಂದ ಉದಾಹರಣೆಯೂ ಉಂಟು. 1970ರ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟಾಗಳ ಮೆಕ್ಕೆಜೋಳದ ಹೊಲಗಳಲ್ಲಿ ಕಾಳುದುರುವ ಕರಿಬೀಜದ ಬರಗು ಕಾಣಿಸಿಕೊಂಡು ಕೆನಡಾದವರೆಗೂ ಹಬ್ಬಿತು. ನಮ್ಮ ಕೊರಲೆಯೂ 1915ರ ಸುಮಾರಿಗೆ ಭಾರತದಿಂದಲೇ ಅಮೆರಿಕಕ್ಕೆ ಹೋಯಿತು. ಅಲ್ಲಿ ಮೇವಿಗೆಂದು, ಬೇಟೆಯ ಲಾವುಗೆ ಹಕ್ಕಿಗಳಿಗೆಂದು ಬಿತ್ತುತ್ತಾರೆ. ಬಿತ್ತದ ಕಡೆಯೂ ಅದು ಏಳುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಮೊನಚಾದದ್ದು. ದನ ಹುಲ್ಲು ಮೇಯುತ್ತದೆ, ಸಗಣಿಯಲ್ಲಿ ಬೀಜ ಬರುತ್ತದೆ, ಸಗಣಿ ಸುಟ್ಟರೆ ಬೀಜ ಕರಕಲಾಗುತ್ತದೆ. ಬೂದಿದಿಬ್ಬಗಳ ನಾಡಿನಲ್ಲಿ ಸಿಕ್ಕ ಕಾಳು ಊಟದ್ದೆಂದು ಹೇಗೆ ಹೇಳುವುದು? ಸಗಣಿಯಿಂದಲೇ ಬಂದಿದ್ದರೆ ಈ ಬಯಲಿನ ಹತ್ತಾರು ಹುಲ್ಲುಗಳ ಬೀಜ ಬೆರಕೆಯಾಗಿ ಸಿಗಬೇಕಿತ್ತು. ಸಿಕ್ಕಿದ್ದು ಹಾಗಲ್ಲ: ಜನ ವಾಸವಿದ್ದ ನೆಲೆ ನೆಲೆಯಲ್ಲೂ ಇವೆರಡೇ ಮುಂದು, ಅದೂ ಬೇಳೆಕಾಳಿನ ಜೊತೆಜೊತೆಗೆ. ಕೊರಲೆಯ ಗುರುತೂ ಸುಲಭಕ್ಕೆ ತಪ್ಪುವಂಥದ್ದಲ್ಲ; ಸಿಪ್ಪೆಯ ಮೇಲೆ ಅಡ್ಡಡ್ಡಲಾಗಿ ಸಣ್ಣ ಸುಕ್ಕುಗಳಿದ್ದು, ಸುಟ್ಟರೂ ಲೆನ್ಸಿನಡಿ ತಿಳಿಯುತ್ತದೆ. ಕಾಳು ತೆನೆಯಲ್ಲಿ ನಿಲ್ಲುತ್ತಿತ್ತೋ ಉದುರುತ್ತಿತ್ತೋ ಎಂಬುದನ್ನು ಮಾತ್ರ ಬರೀ ಕಾಳು ನೋಡಿ ಹೇಳಲಾಗದು. ಅದಕ್ಕೆ ಜೀವಂತ ಹೊಲಗಳೇ ಸಾಕ್ಷಿ ನುಡಿಯಬೇಕು. ಜಪಾನಿನ ಮಿಕಿಯೋ ಕಿಮಾಟಾ, ಕರ್ನಾಟಕದ ಇ.ಜಿ. ಅಶೋಕ್ ಮತ್ತು ಎ. ಸೀತಾರಾಮ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಸಾಕ್ಷಿ. ದಕ್ಷಿಣ ಭಾರತದ ಹೊಲಗಳಲ್ಲಿ ಕೊರಲೆ ಇಂದಿಗೂ ಕಳೆಯಾಗಿ, ಬೇರೆ ಧಾನ್ಯದ ನಡುವಿನ ಬೆರಕೆಯಾಗಿ, ತಾನೇ ಬೆಳೆಯಾಗಿ, ಹೀಗೆ ಎಲ್ಲ ಮೆಟ್ಟಿಲುಗಳ ಮೇಲೂ ನಿಂತಿದೆ. ಕಿತ್ತರೂ ಬಿಡದ ಹುಲ್ಲನ್ನು ಯಾವುದೋ ಬರಗಾಲದಲ್ಲಿ ಕೊಯ್ದು ಉಂಡ ಜನ ಅದನ್ನೇ ಬಿತ್ತತೊಡಗಿದರು ಎಂಬ ಊಹೆ ನನಗೆ ಅತಿ ಎನಿಸುವುದಿಲ್ಲ.

ಕಳೆಯಾಗಬಲ್ಲ ಹುಲ್ಲೆಂಬ ಕಾರಣಕ್ಕೆ ಕೊರಲೆ ಬಿತ್ತುವುದೇ ಅಪಾಯವೆನ್ನುವುದು ಅವಸರದ ಮಾತು. ಕಂಪ್ಲಿಯ ಭತ್ತದ ಗದ್ದೆಯನ್ನು ನೋಡಿ: ಭತ್ತಕ್ಕೆ ಜಗತ್ತಿನಾದ್ಯಂತ ಕಾಟ ಕೊಡುವ ಕಾಡು ಊದಲು ಸಿರಿಧಾನ್ಯವಾದ ಊದಲಿನ ಮೂಲ ಹುಲ್ಲೇ. ಅಷ್ಟಕ್ಕೆ ಊದಲನ್ನು ಯಾರೂ ಬಿಟ್ಟಿಲ್ಲ. ತೊಂದರೆ ಇರುವುದು ಬೀಜದ ಬೆರಕೆಯಲ್ಲಿ ಮತ್ತು ಕೊಯ್ಲಿನ ತಡದಲ್ಲಿ. ತೆನೆ ಪೂರ್ತಿ ಒಣಗುವ ತನಕ ಕಾದರೆ ಮೊದಲು ಮಾಗಿದ ಕಾಳು ಹೊಲದಲ್ಲೇ ಉಳಿಯುತ್ತದೆ. ಉದುರಿದ್ದು ಮುಂದಿನ ಮುಂಗಾರಿಗೆ ಏಳುತ್ತದೆ, ಉದುರುವ ಗುಣವನ್ನೇ ಮರಿಗೂ ದಾಟಿಸುತ್ತದೆ. ಆದ್ದರಿಂದ ಪಾಪಿನಾಯಕನಹಳ್ಳಿಯ ಸುತ್ತ ಕೊರಲೆ ಹಾಕಲು ಹೊರಟವರಿಗೆ ಎರಡೇ ಮಾತು: ಬೀಜಕ್ಕೆ ಕಾಳು ಗಟ್ಟಿಯಾಗಿ ಹಿಡಿದಿರುವ ತೆನೆಯನ್ನೇ ಆರಿಸಿ, ಮರುವರ್ಷ ಅದೇ ಹೊಲಕ್ಕೆ ನವಣೆ ಹಾಕುವುದಿದ್ದರೆ, ಮೊದಲ ಮಳೆಗೆ ಹುಟ್ಟಿದ ಹಸಿರನ್ನು ಕುಂಟೆ ಹೊಡೆದು ತೆಗೆದ ಮೇಲೆ ಕೂರಿಗೆ ಹೂಡಿ.