ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆಯೇ?

ಕೊಡಗಿನವರಾದ, ಈಗ ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು ಒಂದು ಲೆಕ್ಕ ಬರೆದು ಕಳಿಸಿದ್ದಾರೆ. ಜಿಂಕೆ ಬೇಟೆಗೆಂದು ಕೊಂಡ .308 ರೈಫಲ್ಲಿನಲ್ಲಿ ಅವರು ಬಿಡುವಾದಾಗ ದೂರದ ಗುರಿಗೆ ಹೊಡೆದು ಅಭ್ಯಾಸ ಮಾಡುತ್ತಾರಂತೆ. 500 ಮೀಟರ್ ದೂರದ ಹಲಗೆಯನ್ನು ಗುಂಡು ಮುಟ್ಟಲು ಸುಮಾರು 0.77 ಸೆಕೆಂಡ್ ಬೇಕು. ಅಂದು ಎಡಗಡೆಯಿಂದ ಗಂಟೆಗೆ 16 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕೂವರೆ ಮೀಟರ್ ವೇಗದ ಗಾಳಿ. ಗುಂಡನ್ನು ಗಾಳಿ ಹೊತ್ತೊಯ್ದಿದ್ದರೆ ಅದು ಮೂರೂವರೆ ಮೀಟರಿನಷ್ಟು ಬಲಕ್ಕೆ ಬೀಳಬೇಕಿತ್ತು. ಬಿದ್ದದ್ದು ಎಪ್ಪತ್ತು ಸೆಂಟಿಮೀಟರ್ ಬಲಕ್ಕೆ. ‘ಉಳಿದ ಗಾಳಿ ಎಲ್ಲಿಗೆ ಹೋಯಿತು ಸರ್?’ ಎಂದು ಕೇಳಿದ್ದಾರೆ.

ಎಂಥ ಒಳ್ಳೆಯ ಪ್ರಶ್ನೆ! ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗುಂಡು ಭಾರವಲ್ಲವೇ, ಗಾಳಿ ಅದರ ಪಕ್ಕೆಗೆ ಬಡಿದರೂ ಸ್ವಲ್ಪವೇ ಸರಿಯುತ್ತದೆ’ ಎಂಬುದು. ಕೇಳಲು ಸರಿಯೆನಿಸುವ ಈ ಉತ್ತರ ಬುಡದಲ್ಲೇ ತಪ್ಪು. ಸರಿಯಾಗಿ ತಿರುಗುತ್ತಾ ಹಾರುವ ಗುಂಡು ಗಾಳಿಗೆ ತನ್ನ ಪಕ್ಕೆಯನ್ನು ಒಡ್ಡುವುದೇ ಇಲ್ಲ.

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. 12 ಇಂಚಿಗೆ ಒಂದು ಸುತ್ತು ಎಂದುಕೊಂಡರೂ, ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ 2,600 ಸುತ್ತು ತಿರುಗುತ್ತಿರುತ್ತದೆ. ಹೀಗೆ ತಿರುಗುವ ಗುಂಡಿನ ಮೂತಿ ಎದುರಾಗುವ ಗಾಳಿಯ ಕಡೆಗೇ ನಿಲ್ಲುತ್ತದೆ. ಎಡದಿಂದ ಗಾಳಿ ಬೀಸುತ್ತಿದ್ದರೆ, ಓಡುತ್ತಿರುವ ಗುಂಡಿಗೆ ಗಾಳಿ ಎದುರಿನಿಂದ, ಒಂದು ಎಳೆಯಷ್ಟು ಎಡದಿಂದ ಬಂದಂತೆ. ಆದ್ದರಿಂದ ನಳಿಗೆಯಿಂದ ಹೊರಬಿದ್ದ ಗುಂಡು ಕ್ಷಣಮಾತ್ರ ತೂಗಾಡಿ ಮೂತಿಯನ್ನು ಎಡಕ್ಕೆ, ಗಾಳಿ ಬರುವ ದಿಕ್ಕಿಗೆ ತಿರುಗಿಸಿಕೊಳ್ಳುತ್ತದೆ. ನಮ್ಮ ಓದುಗರ ಗುಂಡು ತಿರುಗಿಸಿಕೊಂಡದ್ದು ಒಂದು ಡಿಗ್ರಿಯ ಮೂರನೇ ಒಂದರಷ್ಟು ಮಾತ್ರ. ಎಡಕ್ಕೆ ಮುಖ ಮಾಡಿದ್ದು ಬಲಕ್ಕೆ ಸರಿಯುವುದು ಹೇಗೆ?

ಓಡುವ ಕರುವಿನ ಹಗ್ಗವನ್ನು ಹಿಂದಿನಿಂದ ಹಿಡಿದುಕೊಂಡವರಿಗೆ ಇದು ಗೊತ್ತಿರುತ್ತದೆ. ನೇರ ಹಿಂದೆ ನಿಂತು ಜಗ್ಗಿದರೆ ಕರುವಿನ ಓಟ ನಿಧಾನವಾಗುತ್ತದೆ, ಅಷ್ಟೆ. ಒಂದು ಹೆಜ್ಜೆ ಬಲಕ್ಕೆ ಸರಿದು ಜಗ್ಗಿದರೆ ಓಟ ನಿಧಾನವಾಗುವುದರ ಜೊತೆಗೆ ಕರು ಬಲಕ್ಕೂ ಬರುತ್ತದೆ. ಗುಂಡನ್ನು ಹಿಂದಕ್ಕೆ ಜಗ್ಗುವ ಹಗ್ಗ ಗಾಳಿಯ ಎಳೆತ. ಮೂತಿ ಎಡಕ್ಕಾದರೆ ಆ ಎಳೆತದ ಗೆರೆ ಹಿಂಬದಿಯಲ್ಲಿ ತುಸು ಬಲಕ್ಕಾಗುತ್ತದೆ. ಆ ಎಳೆತವೇನು ಸಣ್ಣದಲ್ಲ. ಸುಮಾರು 11 ಗ್ರಾಂ ತೂಕದ ಈ ಗುಂಡು ಹೊರಟ ಮೊದಲ ನೂರು ಮೀಟರಿನಲ್ಲಿ ಅದನ್ನು ಹಿಂದಕ್ಕೆಳೆಯುವ ಬಲ ಅದರ ತೂಕದ ಐವತ್ತು ಪಟ್ಟು! ಭೂಮಿ ಅದನ್ನು ಕೆಳಗೆಳೆಯುವುದು ಒಂದು ಪಟ್ಟು ಮಾತ್ರ. ಐವತ್ತು ಪಟ್ಟು ಎಳೆತ ಒಂದು ಡಿಗ್ರಿಯ ಮೂರನೇ ಒಂದರಷ್ಟು ಓರೆಯಾದರೆ ಪಕ್ಕಕ್ಕೆ ಸಿಗುವುದು ಗುಂಡಿನ ತೂಕದ ಕಾಲುಭಾಗದಷ್ಟು ಬಲ. ಎಪ್ಪತ್ತು ಸೆಂಟಿಮೀಟರಿಗೆ ಅಷ್ಟು ಸಾಕು.

ಇದರಿಂದ ಒಂದು ಸೊಗಸಾದ ಲೆಕ್ಕ ಹುಟ್ಟುತ್ತದೆ. ಗಾಳಿಯೇ ಇಲ್ಲದ ಲೋಕದಲ್ಲಿ ಅದೇ ಗುಂಡು 500 ಮೀಟರನ್ನು 0.62 ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ನಿಜವಾಗಿ ತೆಗೆದುಕೊಂಡದ್ದು 0.77. ತಡವಾದದ್ದು 0.15 ಸೆಕೆಂಡ್. ಪಕ್ಕಗಾಳಿಯ ವೇಗವನ್ನು ಈ ತಡದಿಂದ ಗುಣಿಸಿ: ಎಪ್ಪತ್ತು ಸೆಂಟಿಮೀಟರಿಗೆ ಕೂದಲೆಳೆಯ ಹತ್ತಿರ ಬರುತ್ತದೆ. ಗಾಳಿಗೆ ಸಿಕ್ಕುವುದು ಗುಂಡು ಹಾರುವ ಇಡೀ ಹೊತ್ತಲ್ಲ, ಅದು ತಡಮಾಡಿದ ಹೊತ್ತು ಮಾತ್ರ. ವೇಗ ಒಂದಿಷ್ಟೂ ಕುಂದದೆ ಹಾರುವ ಗುಂಡೊಂದಿದ್ದರೆ ಎಂಥ ಬಿರುಗಾಳಿಯಲ್ಲೂ ಅದು ಪಕ್ಕಕ್ಕೆ ಸರಿಯುತ್ತಿರಲಿಲ್ಲ.

ಗಾಳಿಯ ಎಳೆತ ಇಷ್ಟು ದೊಡ್ಡದು ಎಂದು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಅದಕ್ಕೂ ಮುಂಚೆ ವಿದ್ವಾಂಸರು ಫಿರಂಗಿ ಗುಂಡಿನಂಥ ಭಾರವಾದ ವಸ್ತುವಿಗೆ ಗಾಳಿ ಯಾವ ಲೆಕ್ಕ ಎಂದು ಗೆಲಿಲಿಯೊನ ಪ್ಯಾರಾಬೊಲವನ್ನೇ ನಂಬಿ ಕೂತಿದ್ದರು. ಸೆಕೆಂಡಿಗೆ 500 ಮೀಟರ್ ವೇಗದ ಗುಂಡನ್ನು 45 ಡಿಗ್ರಿ ಮೇಲಕ್ಕೆ ಹಾರಿಸಿದರೆ ಆ ಸೂತ್ರದ ಪ್ರಕಾರ ಅದು 25 ಕಿಲೋಮೀಟರ್ ದಾಟಬೇಕು. ಆ ಕಾಲದ ಫಿರಂಗಿಗಳ ಗುಂಡು ಹೋಗುತ್ತಿದ್ದದ್ದು ಐದು ಕಿಲೋಮೀಟರಿನ ಆಸುಪಾಸು. ರಾಬಿನ್ಸ್ ಭಾರವಾದ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಹಾಕಿ, ಅದಕ್ಕೆ ಗುಂಡು ಹೊಡೆದು, ಹಲಗೆ ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗ ಕಂಡುಹಿಡಿದ. ದೂರ ಬದಲಿಸಿ ಹೊಡೆದಾಗ ದಾರಿಯಲ್ಲಿ ವೇಗ ಎಷ್ಟು ಸೋರಿಹೋಯಿತೆಂಬುದು ಗೊತ್ತಾಯಿತು. 1742ರಲ್ಲಿ ಅವನ ಪುಸ್ತಕ ಬಂತು. ಮೂರೇ ವರ್ಷಕ್ಕೆ ಮಹಾ ಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದ, ತನ್ನ ಉದ್ದುದ್ದ ಟಿಪ್ಪಣಿಗಳ ಸಮೇತ. ಗುಂಡಿನ ವೇಗ ಶಬ್ದದ ವೇಗದ ಹತ್ತಿರ ಬಂದಾಗ ಗಾಳಿಯ ಎಳೆತ ಇದ್ದಕ್ಕಿದ್ದಂತೆ ಏರುತ್ತದೆ ಎಂಬುದನ್ನು ಗಮನಿಸಿದವನೂ ರಾಬಿನ್ಸನೇ. ವಿಮಾನಗಳ ಹೆಸರೂ ಇಲ್ಲದ ಕಾಲದಲ್ಲಿ! ಮುಂದೆ ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಸರಿಪಡಿಸಲು ಅವನನ್ನು ಇಲ್ಲಿಗೆ ಕರೆಸಿಕೊಂಡಿತು. 1751ರಲ್ಲಿ ನಮ್ಮ ನೆರೆಯ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ. ಈ ಮನುಷ್ಯನ ಹೆಸರು ನಮ್ಮ ಶಾಲೆಯ ಭೌತವಿಜ್ಞಾನದ ಪಾಠಗಳಲ್ಲಿ ಎಲ್ಲೂ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ರಾಬಿನ್ಸ್ ಕಂಡ ಆ ಏರಿಕೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಬಳಸುವ .22 ರೈಫಲ್ಲಿನಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. .22 ತೋಟೆಗಳಲ್ಲಿ ಶಬ್ದಕ್ಕಿಂತ ಸ್ವಲ್ಪ ನಿಧಾನ ಹೋಗುವವೂ ಇವೆ, ಶಬ್ದವನ್ನು ಮೀರಿ ಸೆಕೆಂಡಿಗೆ 380 ಮೀಟರ್ ಹೋಗುವವೂ ಇವೆ. ವೇಗದ ತೋಟೆ ಗಾಳಿಗೆ ಕಡಿಮೆ ಸಿಕ್ಕುತ್ತದೆ ಎಂದು ಹೆಚ್ಚಿನವರು ಕಣ್ಣುಮುಚ್ಚಿ ನಂಬುತ್ತಾರೆ. ನಡೆಯುವುದು ತದ್ವಿರುದ್ಧ! ವೇಗದ ಗುಂಡು ಶಬ್ದದ ಗಡಿಯಲ್ಲಿ ಭಾರೀ ಎಳೆತಕ್ಕೆ ಸಿಕ್ಕಿ ತನ್ನ ವೇಗವನ್ನು ಬೇಗ ಕಳೆದುಕೊಳ್ಳುತ್ತದೆ. ಒಟ್ಟಿನಲ್ಲಿ ಅದು ಮೊದಲೇ ತಲುಪಿದರೂ ಅದರ ‘ತಡ’ ಹೆಚ್ಚು. ನೂರು ಗಜದ ಗುರಿಯಲ್ಲಿ ನಿಧಾನದ ತೋಟೆಗಿಂತ ಅದೇ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಸ್ಪರ್ಧೆಯ ಗುರಿಕಾರರು ನಿಧಾನದ ತೋಟೆಯನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಗುರಿ ತಪ್ಪಿದ್ದಕ್ಕೆ ಇಷ್ಟು ಚೆಂದದ ಕಾರಣಗಳಿರುವಾಗ ‘ಕೋವಿಗೆ ಯಾರೋ ಕಟ್ಟು ಹಾಕಿದ್ದಾರೆ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಲೆನಾಡಿನಲ್ಲಿ ಈ ಮಾತನ್ನು ಈಗಲೂ ಕೇಳುತ್ತೇನೆ. ಹೋದ ಬೇಸಿಗೆಯಲ್ಲಿ ಕಾಯಿಯ ನೆತ್ತಿಗೆ ಹೊಡೆಯುತ್ತಿದ್ದ ರೈಫಲ್ಲು ಸೆಪ್ಟೆಂಬರ್ ಮೊದಲ ವಾರ, ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಒಂದು ಗೇಣು ಆಚೆ ಹೊಡೆಯತೊಡಗಿತು ಎಂದರೆ ಮಂತ್ರವಾದಿಯನ್ನು ಹುಡುಕಬೇಡಿ. ಮರದ ಹಿಡಿಯನ್ನು ನೋಡಿ. ಜೂನಿನಿಂದ ಸುರಿದ ಮಳೆಯ ತೇವ ಕುಡಿದು ಆ ಮರ ಉಬ್ಬಿರುತ್ತದೆ, ಕೆಲವೊಮ್ಮೆ ಸೊಟ್ಟಗಾಗಿರುತ್ತದೆ. ಉಬ್ಬಿದ ಮರ ನಳಿಗೆಗೆ ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಒಬ್ಬ ಗೆಳೆಯರ ಮನೆಯಲ್ಲಿ ಪೂಜೆಗೆಂದು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಇಟ್ಟಿದ್ದ ರೈಫಲ್ಲನ್ನು ಪೂಜೆ ಮುಗಿದ ಮೇಲೆ ಪರೀಕ್ಷಿಸಿದೆವು. ಮೊದಲು ಅದರಲ್ಲಿ ತೋಟೆ ಇಲ್ಲವೆಂದು ನೋಡಿಕೊಂಡು, ಹತ್ತು ರೂಪಾಯಿ ನೋಟನ್ನು ನಳಿಗೆಗೂ ಮರಕ್ಕೂ ನಡುವಿನ ಸಂದಿಗೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಬಂದರೆ, ಮುಂಭಾಗದಲ್ಲಿ ಸರಾಗ ಜಾರಿದ ನೋಟು ನಡುವೆ ಬಲಗಡೆ ಗಕ್ಕನೆ ಸಿಕ್ಕಿಕೊಂಡಿತು. ಕಟ್ಟು ಇದ್ದದ್ದು ಅಲ್ಲಿ. ಬಡಗಿ ಆ ಜಾಗವನ್ನು ತುಸು ಹೆರೆದು ಎಣ್ಣೆ ಹಚ್ಚಿಕೊಟ್ಟ.

ಬೇಟೆಯ ರೈಫಲ್ಲಿಗೆ ಇನ್ನೊಂದು ಸ್ವಭಾವವಿದೆ. ಕಾಡಿನಲ್ಲಿ ಹೊತ್ತು ತಿರುಗಲು ಹಗುರವಾಗಲೆಂದು ಅದರ ನಳಿಗೆ ತೆಳ್ಳಗಿರುತ್ತದೆ, ನಾಲ್ಕೈದು ಗುಂಡಿಗೇ ಕಾದುಬಿಡುತ್ತದೆ. ಕಾದ ನಳಿಗೆಯ ಗುಂಡುಗಳು ಹರಡತೊಡಗುತ್ತವೆ. ಸ್ಪರ್ಧೆಯ ದಪ್ಪ ನಳಿಗೆಯಂತೆ ಒಂದೇ ಸಮನೆ ಹೊಡೆದು ಅದರ ಗುಣ ಅಳೆಯುವುದು ಅನ್ಯಾಯ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿರುವ ನಳಿಗೆಯ ಮೊದಲ ಗುಂಡು.

ಆ ಮೊದಲ ಗುಂಡನ್ನು 500 ಮೀಟರ್ ಆಚೆಯ ಜೀವಕ್ಕೆ ಹೊಡೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ ನಿಷಿದ್ಧ. ಅಮೆರಿಕದಲ್ಲಿ ಋತುವಿಗೆ ತಕ್ಕಂತೆ ಅನುಮತಿ ಇದೆ. ಆದರೂ ಕುದುರೆ ಎಳೆದ ಮೇಲಿನ ಮುಕ್ಕಾಲು ಸೆಕೆಂಡಿನಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಸಾಕು, ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗಲುತ್ತದೆ. ಗಾಯಗೊಂಡ ಆ ಪ್ರಾಣಿ ಎಲ್ಲಿ ಬಿದ್ದು ನರಳುತ್ತದೋ! ಕಾಗದಕ್ಕೆ, ಕಬ್ಬಿಣದ ಹಲಗೆಗೆ ಎಷ್ಟು ದೂರದಿಂದ ಬೇಕಾದರೂ ಹೊಡೆಯಲಿ.

ಓದುಗರ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ಗಾಳಿ ಪೂರಾ ನಿಂತ ಮುಂಜಾನೆಯಲ್ಲೂ ಗುಂಡು ಚೂರು ಬಲಕ್ಕೇ ಬೀಳುತ್ತದಂತೆ. ಅದು ತಿರುಗುವಿಕೆಯ ಫಲ. ಬಲಕ್ಕೆ ತಿರುಗುವ ಗುಂಡು ಕೆಳಗೆ ಬಾಗುವ ತನ್ನ ದಾರಿಯನ್ನು ಹಿಂಬಾಲಿಸುವಾಗ ಮೂತಿಯನ್ನು ತುಸು ಬಲಕ್ಕೆ ಇಟ್ಟುಕೊಂಡೇ ಹಾರುತ್ತದೆ. 500 ಮೀಟರಿನಲ್ಲಿ ಆ ಸರಿತ ಕೆಲವೇ ಸೆಂಟಿಮೀಟರ್, ಒಂದು ಕಿಲೋಮೀಟರಿಗೆ ಹೋದರೆ ಹೆಚ್ಚುಕಡಿಮೆ ಒಂದು ಗೇಣು. ಮತ್ತೆ ಗಾಳಿಯ ಮಾತಿಗೆ ಬಂದರೆ, ಅವರು ಮುಂದಿನ ಸಲ ಹಲಗೆಯ ಬಳಿ ಒಂದು ಬಾವುಟ ನೆಟ್ಟಂತೆ ತಮ್ಮ ಹತ್ತಿರವೂ ಒಂದು ನೆಟ್ಟುಕೊಳ್ಳಲಿ. ಹತ್ತಿರದ ಗಾಳಿ ಕೊಟ್ಟ ಓರೆಯನ್ನು ಗುಂಡು ಉಳಿದ ದಾರಿಯುದ್ದಕ್ಕೂ ಹೊತ್ತು ಸಾಗುವುದರಿಂದ, ಹಲಗೆಯ ಬಳಿಯ ಗಾಳಿಗಿಂತ ಅದರ ಪ್ರಭಾವವೇ ಹೆಚ್ಚು.