ಸೇನೆ ಕಳಚಿಟ್ಟ ಬಂದೂಕಿಗೆ ಬೆಲೆ ಕಟ್ಟುವ ಬಗೆ

ಬ್ರಿಟಿಷ್ ಸಾಮ್ರಾಜ್ಯದ ಪದಾತಿ ದಳಗಳು ಎರಡೂ ಮಹಾಯುದ್ಧಗಳಲ್ಲಿ ಬಳಸಿದ ಲೀ-ಎನ್‌ಫೀಲ್ಡ್ ರೈಫಲ್ ಭಾರತದಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಪರಿಚಿತವಾಗಿದ್ದು, ಆ ಹೆಸರು ಅದರ ನಳಿಕೆಯ ಒಳವ್ಯಾಸವಾದ 0.303 ಅಂಗುಲದಿಂದ ಬಂದುದಾಗಿದೆ. ಭಾರತದ ಶಸ್ತ್ರಾಸ್ತ್ರ ಕಾನೂನು ಈ ಅಳತೆಯ ರೈಫಲ್ಲನ್ನು ಸಾಮಾನ್ಯ ನಾಗರಿಕರಿಗೆ ನಿಷೇಧಿಸಿರುವುದರಿಂದ, ಸೇನೆಗಳು ಹೆಚ್ಚುವರಿ ಎಂದು ಮಾರಿದ ಈ ಬಂದೂಕುಗಳ ಪೇಟೆ ಮುಖ್ಯವಾಗಿ ಅಮೆರಿಕ, ಕೆನಡಾ ಮತ್ತು ಬ್ರಿಟನ್‌ಗಳಲ್ಲಿದೆ. ಆ ಪೇಟೆಯಲ್ಲಿ ಒಂದು ವೈಚಿತ್ರ್ಯ ಕಾಣುತ್ತದೆ: ಆಯುಧವನ್ನು ಬಳಕೆಯಲ್ಲಿಡಲು ಸೇನೆ ಮಾಡಿಸಿದ ದುರಸ್ತಿಯೇ ಸಂಗ್ರಾಹಕರ ಕಣ್ಣಿನಲ್ಲಿ ಅದರ ಬೆಲೆಯನ್ನು ಇಳಿಸುತ್ತದೆ.

ಯಂತ್ರವಾಗಿ ನೋಡಿದರೆ ರೈಫಲ್ಲಿನ ಜೀವವಿರುವುದು ನಳಿಕೆಯಲ್ಲಿ. ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ತಿರುಗಿಸಿ, ಅದು ಓಲಾಡದೆ ನೇರವಾಗಿ ಸಾಗುವಂತೆ ಮಾಡುತ್ತವೆ. ಈ ಗೀರುಗಳಿಗೆ ಶತ್ರುಗಳು ಮೂರು. ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಉರಿಯುವಾಗಿನ ತೀವ್ರ ಶಾಖ ತೋಟಾ ಕೂರುವ ಕೋಣೆಯ ಮುಂದಿನ ಭಾಗವನ್ನು ಕ್ರಮೇಣ ಸವೆಸುತ್ತದೆ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಹಳೆಯ ಮಿಶ್ರಣದಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್, ಉರಿದ ಬಳಿಕ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ಉಳಿದು, ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ; ಎಣ್ಣೆ ಈ ಲವಣವನ್ನು ಕರಗಿಸದ ಕಾರಣ ಬ್ರಿಟಿಷ್ ಸೈನಿಕರು ನಳಿಕೆಯೊಳಗೆ ಕುದಿಯುವ ನೀರು ಸುರಿಯುತ್ತಿದ್ದರು. ಮೂರನೆಯದು ಶುಚಿಗೊಳಿಸುವ ಕೆಲಸವೇ. ಚಿಂದಿ ಕಟ್ಟಿದ ಹಗ್ಗವನ್ನು ಓರೆಯಾಗಿ ಎಳೆದೆಳೆದು ನಳಿಕೆಯ ಬಾಯಿಯಂಚು ಒಂದು ಬದಿಗೆ ಸವೆದರೆ, ಹೊರಬೀಳುವ ಗಳಿಗೆಯಲ್ಲಿ ಅನಿಲದ ಒತ್ತಡ ಗುಂಡಿನ ಸುತ್ತ ಸಮನಾಗಿರದೆ ಗುರಿ ತಪ್ಪುತ್ತದೆ. ಆದ್ದರಿಂದ ಹೊರಗೆ ಹೊಳೆಯುವ ಬಂದೂಕಿಗಿಂತ, ಮರ ಗೀಚಿಹೋಗಿದ್ದರೂ ಗೀರುಗಳು ಚೂಪಾಗಿ ಉಳಿದಿರುವ ಬಂದೂಕನ್ನೇ ಗುರಿಕಾರರು ಆರಿಸಿಕೊಳ್ಳುತ್ತಾರೆ.

ಸಂಗ್ರಾಹಕರ ಪರೀಕ್ಷೆ ಬೇರೆ. ಬಾಗಿಲ ಅಗುಳಿಯಂತೆ ತೋಟಾದ ಹಿಂಬದಿಯನ್ನು ಭದ್ರಪಡಿಸುವ ಬೋಲ್ಟನ್ನು ಆಯಾ ಬಂದೂಕಿನ ಮೈಗೆ ಹೊಂದಿಸಿ, ಎರಡರ ಮೇಲೂ ಒಂದೇ ಕ್ರಮಸಂಖ್ಯೆಯನ್ನು ಒತ್ತಲಾಗುತ್ತಿತ್ತು. ಬೋಲ್ಟಿನ ಮುಖಕ್ಕೂ ಕೋಣೆಯಲ್ಲಿ ಕೂತ ತೋಟಾಕ್ಕೂ ನಡುವಿನ ತೆರಪು ಮಿತಿ ಮೀರಿದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದಾದ್ದರಿಂದ, ಎರಡನೆಯ ಮಹಾಯುದ್ಧದ ‘ನಂಬರ್ 4’ ಮಾದರಿಗೆ ಸೊನ್ನೆಯಿಂದ ಮೂರರವರೆಗಿನ ನಾಲ್ಕು ಅಳತೆಗಳ ಬೋಲ್ಟ್ ತಲೆಗಳನ್ನು ಒದಗಿಸಲಾಗಿತ್ತು. ಸಂಖ್ಯೆಗಳು ಹೊಂದಿದರೆ ಬಂದೂಕು ಹುಟ್ಟಿದ ರೂಪದಲ್ಲಿ ಉಳಿದಿರುವ ಸಂಭವ ಹೆಚ್ಚು ಎಂದು ತಿಳಿಯಲಾಗುತ್ತದೆ. ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿಸಿ ‘ಎಫ್‌ಟಿಆರ್’ ಎಂದು ಮುದ್ರೆಯೊತ್ತಿದ ರೈಫಲ್ ಗುರಿಯಲ್ಲಿ ಮೂಲದ್ದನ್ನು ಮೀರಿಸಬಹುದಾದರೂ, ಅದರ ಯಾವ ಭಾಗ ಯಾವ ವರ್ಷದ್ದೆಂಬ ಸಾಕ್ಷ್ಯ ಅಲ್ಲಿಗೆ ಅಳಿಸಿಹೋಗಿರುತ್ತದೆ.

1907ರ ‘ಮಾರ್ಕ್ 3’ ಮಾದರಿಯಲ್ಲಿ ಮ್ಯಾಗಜೀನನ್ನು ಮುಚ್ಚಿ ಒಂದೊಂದೇ ತೋಟಾ ಹಾಕಲು ನೆರವಾಗುವ ತಗಡೂ, ದಳವೆಲ್ಲ ಒಟ್ಟಾಗಿ ಎರಡು ಸಾವಿರ ಗಜಕ್ಕೂ ಆಚೆ ಗುಂಡು ಹಾರಿಸಲೆಂದು ಪಕ್ಕದಲ್ಲಿ ಜೋಡಿಸಿದ ಗುರಿಪಟ್ಟಿಯೂ ಇದ್ದವು. ಮೊದಲ ಮಹಾಯುದ್ಧದ ತುರ್ತಿನಲ್ಲಿ ಹೊಸ ಬಂದೂಕುಗಳಿಂದ ಇವನ್ನು ಕೈಬಿಟ್ಟದ್ದಲ್ಲದೆ ದುರಸ್ತಿಗೆ ಬಂದ ಹಳೆಯವುಗಳಿಂದಲೂ ತೆಗೆದುಹಾಕಿದ ಕಾರಣ, ಎಲ್ಲ ಭಾಗಗಳೂ ಉಳಿದಿರುವ ಮಾರ್ಕ್ 3 ಇಂದು ವಿರಳ. ಯುದ್ಧಾನಂತರ ಅಗ್ಗವಾಗಿ ಸಿಕ್ಕ ಸಾವಿರಾರು ರೈಫಲ್ಲುಗಳ ಮರ ಕತ್ತರಿಸಿ ಬೇಟೆಗೆ ಒಗ್ಗಿಸಿಕೊಂಡವರು ಆಗ ಜಾಣತನವನ್ನೇ ಮಾಡಿದ್ದರು. ಇಂದು ಆ ಕತ್ತರಿ ಬಿದ್ದ ಬಂದೂಕು ಮೂಲರೂಪದ್ದರ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಕೊನೆಯಲ್ಲಿರುವುದು ಗುರಿಯಲ್ಲಿ ಮೇಲಾದವನ್ನು ಆಯ್ದು, ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯಿಂದ ದೂರದರ್ಶಕ ಕೂರಿಸಿ ಸಿದ್ಧಪಡಿಸಿದ ಸ್ನೈಪರ್ ರೈಫಲ್. ಅದರ ದೂರದರ್ಶಕದ ಸಂಖ್ಯೆಯನ್ನು ಬಂದೂಕಿನ ಮರದ ಮೇಲೂ ಒತ್ತಿರುವುದರಿಂದ, ಎರಡೂ ಅಗಲದೆ ಉಳಿದ ಜೋಡಿಗೆ ಬಿಡಿಬಿಡಿಯಾಗಿ ಕೊಂಡು ಕೂಡಿಸಿದ್ದಕ್ಕಿಂತ ಬಹಳ ಹೆಚ್ಚಿನ ಬೆಲೆ ಸಲ್ಲುತ್ತದೆ.

ಬೆಲೆ ಏರಿದಲ್ಲಿ ನಕಲಿಯೂ ಬರುವುದು ಸಹಜ. ಖೈಬರ್ ಕಣಿವೆಯ ಪ್ರದೇಶದ, ವಿಶೇಷವಾಗಿ ದರ್ರಾ ಆದಂಖೇಲ್‌ನ, ಕುಶಲಕರ್ಮಿಗಳು ಕೈ ಉಪಕರಣಗಳಿಂದಲೇ ಲೀ-ಎನ್‌ಫೀಲ್ಡನ್ನು ಅನುಕರಿಸುವುದರಲ್ಲಿ ನಿಪುಣರಾಗಿದ್ದರೂ, ತಲೆಕೆಳಗಾದ ಅಕ್ಷರಗಳೂ 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯ ಕೆಳಗೆ ಅದರ ನಂತರದ ಇಸವಿಯೂ ಕಾಣಿಸಿಕೊಂಡು ಗುಟ್ಟು ಬಿಟ್ಟುಕೊಡುತ್ತವೆ. ಅವುಗಳ ಉಕ್ಕಿನ ಗುಣಮಟ್ಟವನ್ನು ನಂಬುವಂತಿಲ್ಲವಾದ್ದರಿಂದ ಅವು ಗೋಡೆಯ ಮೇಲಿದ್ದರೇ ಕ್ಷೇಮ.

ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ 1960ರ ದಶಕದಲ್ಲಿ ತಯಾರಿಸಿದ ‘2ಎ’ ಮತ್ತು ‘2ಎ1’ ಮಾದರಿಗಳು ಈ ಲೆಕ್ಕಾಚಾರವನ್ನು ಇನ್ನಷ್ಟು ತೊಡಕಾಗಿಸುತ್ತವೆ. ಮೇಲ್ನೋಟಕ್ಕೆ ಹಳೆಯ ಮಾರ್ಕ್ 3ರಂತಿದ್ದರೂ ಇವು 7.62 ಮಿಲಿಮೀಟರಿನ ನೇಟೋ ತೋಟಾವನ್ನು ತಾಳುವಂತೆ ಮೇಲ್ತರದ ಉಕ್ಕಿನಿಂದ ಹೊಸದಾಗಿಯೇ ತಯಾರಾದವು. ಮಹಾಯುದ್ಧಗಳ ನಂಟು ಇಲ್ಲವೆಂದು ಇವನ್ನು ಬದಿಗೆ ಸರಿಸುವ ಸಂಗ್ರಾಹಕರಿದ್ದರೂ, ಆ ತೋಟಾ .303ಕ್ಕಿಂತ ಸುಲಭವಾಗಿ ಸಿಗುವ ಕಡೆ ಗುಂಡು ಹಾರಿಸುವುದೇ ಉದ್ದೇಶವಾದ ಕೊಳ್ಳುಗರು ಇವನ್ನೇ ಅರಸುತ್ತಾರೆ.